ಕಥೆಯ ಊರು ಬೇರೆ, ಶೂಟಿಂಗ್ ಜಾಗ ಬೇರೆ ಆದಾಗ ಸಿನಿಮಾ ಆರ್ಕೈವ್‌ನ ಮ್ಯಾಪ್‌ನಲ್ಲಿ ಯಾವುದನ್ನು ಗುರುತಿಸಬೇಕು?

ಎರಡನ್ನೂ ಗುರುತಿಸಬೇಕು, ಆದರೆ ಬೇರೆ ಬೇರೆ ಕಾಲಂನಲ್ಲಿ. 1975ರ ‘ಶೋಲೆ’ ತೆಗೆದುಕೊಳ್ಳಿ. ಕಥೆ ನಡೆಯುವುದು ರಾಮ್‌ಗಢ ಅನ್ನುವ ಊರಲ್ಲಿ. ಕ್ಯಾಮೆರಾ ಇಟ್ಟಿದ್ದು ನಮ್ಮ ರಾಮನಗರದ ಬಂಡೆಗಳ ನಡುವೆ. ವಿಕಿಪೀಡಿಯಾದ ಸೋದರ ಯೋಜನೆಯಾದ ಮುಕ್ತ ಮಾಹಿತಿ ಕೋಶ ವಿಕಿಡೇಟಾದಲ್ಲಿ ಇದಕ್ಕೆಂದೇ ಎರಡು ಗುರುತುಗಳಿವೆ: ಕಥೆಯ ಊರಿಗೆ ಪಿ840, ಶೂಟಿಂಗ್ ಜಾಗಕ್ಕೆ ಪಿ915. ಅಕ್ಷಾಂಶ, ರೇಖಾಂಶ ಇರುವುದು ಸಿನಿಮಾದ ಪುಟದಲ್ಲಲ್ಲ, ವಿಕಿಡೇಟಾದಲ್ಲಿ ಆ ಜಾಗಕ್ಕೇ ಇರುವ ಪುಟದಲ್ಲಿ. ಅದನ್ನು ಒಮ್ಮೆ ಸರಿಯಾಗಿ ತುಂಬಿದರೆ, ಅಲ್ಲಿ ತೆಗೆದ ಸಿನಿಮಾಗಳನ್ನೆಲ್ಲ ಮ್ಯಾಪ್ ಮೇಲೆ ತರಬಹುದು.

ಕಷ್ಟ ಜಾಸ್ತಿ ಇರುವುದು ಕಾಲ್ಪನಿಕ ಊರುಗಳಲ್ಲಿ. ಮಾಲ್ಗುಡಿಗೆ ಅಕ್ಷಾಂಶವೇ ಇಲ್ಲ, ಅಲ್ವಾ? ಅದನ್ನು ಸುಮ್ನೆ ಆಗುಂಬೆ ಮೇಲೆ ಕೂರಿಸಿದರೆ ತಪ್ಪು ಮಾಹಿತಿ ಆಗುತ್ತದೆ. ಮಾಲ್ಗುಡಿ ಬರೀ ಹೆಸರಾಗಿ ಉಳಿಯಲಿ. ಪಿನ್ ಬೀಳಬೇಕಾದದ್ದು ಶಂಕರ್ ನಾಗ್ ಧಾರಾವಾಹಿ ತೆಗೆದ ಆಗುಂಬೆ ಮತ್ತು ಅರಸಾಳು ರೈಲು ನಿಲ್ದಾಣದ ಮೇಲೆ.

ನನ್ನ ಪ್ರಕಾರ ಸಿನಿಮಾಕ್ಕೆ ಒಂದೇ ಪಿನ್ ಸಾಲದು, ದೃಶ್ಯಕ್ಕೊಂದು ಬೇಕು. ‘ಶೋಲೆ’ಯ ರೈಲು ದರೋಡೆ ತೆಗೆದದ್ದು ರಾಮನಗರದಲ್ಲಲ್ಲ, ಮುಂಬೈ-ಪುಣೆ ಹಳಿಯಲ್ಲಿ, ಪನ್ವೇಲ್ ಹತ್ತಿರ. ಜಾಗ ಗುರುತಿಸಿದ್ದು ಸ್ಟಿಲ್ ಫೋಟೋ ನೋಡಿಯೋ, ಊರಿನವರ ನೆನಪಿನಿಂದಲೋ ಅನ್ನುವುದನ್ನೂ ಪಕ್ಕದಲ್ಲೇ ಬರೆಯಿರಿ.