ಅಂಚಿನಲ್ಲಿ ಬರೆದ ಒಂದು ಸಾಲು

ಉತ್ತರ ಕನ್ನಡದ ಸಿದ್ದಾಪುರದ ಕಡೆಯ ಓದುಗರೊಬ್ಬರ ಪತ್ರ ಬಂದಿದೆ. ಕಳೆದ ಮಾಗಿಯಲ್ಲಿ ಅವರ ಅಪ್ಪಯ್ಯ ತೀರಿಕೊಂಡರು. ಅಡಿಕೆ ತೋಟದವರು, ಆದರೆ ಮನೆಗಿಂತ ಕಾಡಿನಲ್ಲೇ ಜಾಸ್ತಿ ಇದ್ದವರು. ವರ್ಷಾಂತಿಕದ ಹೊತ್ತಿಗೆ ಅವರ ಬಗ್ಗೆ ಬರೆಯಬೇಕು ಅಂತ ಮಗಳ ಆಸೆ. "ಎಷ್ಟು ಸಲ ಕೂತರೂ ಸರಳ ಜೀವಿ, ಸಜ್ಜನ ಎಂಬಲ್ಲಿಗೇ ನಿಲ್ಲುತ್ತದೆ. ಪ್ರಶಸ್ತಿ, ಸನ್ಮಾನ ಯಾವುದೂ ಅವರಿಗಿಲ್ಲ. ಬೇರೆಯವರು ಯಾಕೆ ಓದುತ್ತಾರೆ? ಹೇಗೆ ಬರೆಯಲಿ?" ಎಂದು ಕೇಳಿದ್ದಾರೆ.

ಪ್ರೀತಿಯ ತಂಗಿ,

ನಿಮ್ಮ ಪತ್ರ ಮೂರು ಪುಟ ಇದೆ. ಅದರಲ್ಲಿ ಎರಡು ಪುಟ ಯಾರ ಅಪ್ಪನಿಗೂ ಹೊಂದುತ್ತದೆ. ಮೂರನೆಯ ಪುಟದ ಅಂಚಿನಲ್ಲಿ, ಜಾಗ ಸಾಲದೆ ಅಡ್ಡಡ್ಡ ಒಂದು ಸಾಲು ಬರೆದಿದ್ದೀರಿ: "ಜೇನು ಹೋದ ಮೇಲೂ ಅಪ್ಪಯ್ಯ ಖಾಲಿ ಪೆಟ್ಟಿಗೆಗಳನ್ನು ಬಚ್ಚಲ ಒಲೆಗೆ ಹಾಕಲು ಬಿಡಲಿಲ್ಲ." ನಿಮ್ಮ ಅಪ್ಪಯ್ಯ ನನಗೆ ಕಂಡದ್ದು ಅಲ್ಲಿ. ಬರಹ ಅಲ್ಲಿಂದಲೇ ಶುರು ಮಾಡಿ.

ಆ ಸಾಲಿನ ಹಿಂದೆ ಏನಿದೆ ಅಂತ ನಮ್ಮ ಕಡೆಯ ಹಿರಿಯರಿಗೆ ಗೊತ್ತು, ಈಗಿನ ಮಕ್ಕಳಿಗೆ ಗೊತ್ತಿಲ್ಲ. 1990ರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂತು. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿನ ಮರಿಹುಳುಗಳು ನೀರು ತುಂಬಿದ ಚೀಲದ ಹಾಗಾಗಿ ಸತ್ತವು. ಘಟ್ಟದ ಉದ್ದಕ್ಕೂ ಪೆಟ್ಟಿಗೆಗಳು ಖಾಲಿಯಾದವು. ಎಷ್ಟೋ ಮನೆಯವರು ಬೇಸತ್ತು ಜೇನು ಸಾಕುವುದನ್ನೇ ಬಿಟ್ಟರು. ನಿಮ್ಮ ಅಪ್ಪಯ್ಯ ಪೆಟ್ಟಿಗೆ ಒರೆಸಿ, ಒಳಗೆ ಮೇಣ ಹಚ್ಚಿ, ಕೊಟ್ಟಿಗೆಯ ಪಕ್ಕ ಇಟ್ಟು ಕಾದರು. ಎಷ್ಟು ವರ್ಷ ಕಾದರು? ಮತ್ತೆ ಮೊದಲ ಕುಟುಂಬವನ್ನು ಯಾವ ಮರದ ಪೊಟರೆಯಿಂದ ತಂದರು? ಹಳ್ಳದಲ್ಲಿ ನೀರು ಕುಡಿದ ಜೇನು ಯಾವ ದಿಕ್ಕಿಗೆ ಹಾರಿತು ಅಂತ ನೋಡಿ ಅದರ ಹಿಂದೆ ಹೋಗುವುದು, ಪೊಟರೆಯಿಂದ ಒಂದೊಂದೇ ಎರಿ ಬಿಡಿಸುವುದು, ಬಾಳೆನಾರಿನಿಂದ ಚೌಕಟ್ಟಿಗೆ ಕಟ್ಟುವುದು, ಆಮೇಲೆ ರಾಣಿಗಾಗಿ ಹುಡುಕುವುದು. ರಾಣಿ ಪೆಟ್ಟಿಗೆಗೆ ಬಂದರೆ ಉಳಿದವು ತಾವಾಗಿ ಬರುತ್ತವೆ. ಹೊಗೆ ಹಿಡಿಯಲು ನೀವೂ ಜೊತೆಗೆ ಹೋಗುತ್ತಿದ್ದಿರಂತೆ. ಅಷ್ಟು ಹೇಳಿ ಮುಂದಿನ ಮಾತಿಗೆ ಹೋಗಿಬಿಟ್ಟಿದ್ದೀರಿ! ಅಲ್ಲೇ ನಿಲ್ಲಬೇಕಿತ್ತು. ಜೇನು ಎಲ್ಲಿ ಕಚ್ಚಿತು, ಅಪ್ಪಯ್ಯ ಏನು ಹಚ್ಚಿದರು, ವಾಪಸ್ ಬರುವ ದಾರಿಯಲ್ಲಿ ಏನು ಮಾತಾಡಿದರು? ಸುಮ್ನೆ ನಡೆದರೇ? ಅದನ್ನೆಲ್ಲ ಬರೆಯಿರಿ.

ಬೇರೆಯವರು ಯಾಕೆ ಓದುತ್ತಾರೆ ಅಂತ ಕೇಳಿದ್ದೀರಿ. ನಮ್ಮಲ್ಲಿ ತೋಟ ಉಳಿದದ್ದೇ ಬೆಟ್ಟದಿಂದ. ಬ್ರಿಟಿಷರ ಕಾಲದಿಂದ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ ಬಿಟ್ಟಿದ್ದಾರೆ. ಹಸಿ ಸೊಪ್ಪು, ದರಕು (ಒಣಗಿ ಬಿದ್ದ ಎಲೆ), ಸೌದೆ ಎಲ್ಲ ಅಲ್ಲಿಂದ ಬರಬೇಕು. ಅಂದರೆ ಸೊಂಟಕ್ಕೆ ಕತ್ತಿ ಸಿಕ್ಕಿಸಿ ಬೆಟ್ಟ ಹತ್ತುವುದು ನಮ್ಮ ಅಪ್ಪಂದಿರಿಗೆ ದಿನದ ಕೆಲಸ. ಆದರೆ ಹೊರೆ ಕಟ್ಟಿದ ಮೇಲೂ ನಿಮ್ಮ ಅಪ್ಪಯ್ಯ ಮನೆ ಕಡೆ ತಿರುಗದೆ ಇನ್ನೂ ಒಳಗೆ ಹೋಗುತ್ತಿದ್ದರು, ಆಯಿ ಊಟ ಮುಚ್ಚಿಟ್ಟು ಕಾಯುತ್ತಿದ್ದರು. ಏನು ನೋಡಲು ಹೋಗುತ್ತಿದ್ದರು? ಅದನ್ನು ಓದಲು ನನಗೆ ಆಸೆಯಿದೆ. ನನ್ನಂಥವರು ಬೇಕಾದಷ್ಟು ಜನ ಇದ್ದಾರೆ.

ಮಳೆಗಾಲದ ರಾತ್ರಿ ಜಗಲಿಯಲ್ಲಿ ಕೂತು, ಕೆಪ್ಪ ಜೋಗದ, ಅಂದರೆ ಉಂಚಳ್ಳಿ ಜಲಪಾತದ, ಸದ್ದಿನಿಂದಲೇ ಮೇಲೆ ಎಷ್ಟು ಮಳೆಯಾಗಿದೆ ಅಂತ ಹೇಳುತ್ತಿದ್ದರಂತೆ. ಉಂಚಳ್ಳಿಯಲ್ಲಿ ಅಘನಾಶಿನಿ 116 ಮೀಟರ್ ಧುಮುಕುತ್ತದೆ ಅಂತ ಯಾರು ಬೇಕಾದರೂ ಬರೆಯಬಹುದು. ಕಿವಿ ಕೆಪ್ಪಾಗುವಂಥ ಆ ಸದ್ದಿನಲ್ಲಿ ಶಿರಸಿಯ ಮಳೆಯನ್ನು ಅಳೆಯುತ್ತಿದ್ದ ಕಿವಿಯ ಬಗ್ಗೆ ನೀವೇ ಬರೆಯಬೇಕು.

ಕೋವಿಯ ಸಂಗತಿ ಹೇಳಬೇಕೋ ಬೇಡವೋ ಅಂತ ಅಳುಕುತ್ತಿದ್ದೀರಿ. ಹೇಳಿ. ಪ್ರಾಯದಲ್ಲಿ ತೋಟಕ್ಕೆ ಬರುವ ಮಂಗಗಳಿಗೆ ಗುಂಡು ಹೊಡೆದರು. ಒಂದು ದಿನ ಮರಿಯನ್ನು ಅಪ್ಪಿಕೊಂಡಿದ್ದ ತಾಯಿಮಂಗ ಬಿತ್ತು. ಅಂದು ಅಟ್ಟಕ್ಕೆ ಹೋದ ಕೋವಿ ಮತ್ತೆ ಕೆಳಗೆ ಬರಲಿಲ್ಲ. ಇದನ್ನು ಬಿಟ್ಟು ಬರೆದರೆ ಅವರು ಅರ್ಧ ಮಾತ್ರ ಕಾಣುತ್ತಾರೆ. ಸತ್ತವರಿಗೆ ಮರ್ಯಾದೆ ಕೊಡಲು ಹೋಗಿ ಅವರನ್ನು ಗುರುತೇ ಸಿಗದ ಹಾಗೆ ಮಾಡುವ ಬರಹಗಳು ಈ ಮೇಜಿಗೆ ತುಂಬಾ ಬರುತ್ತವೆ. ನನಗೆ ಪ್ರತಿ ಸಲ ಬೇಸರವಾಗುತ್ತದೆ.

ಈಗ ನನ್ನದೊಂದು ಮಾತು. ನನ್ನ ಅಪ್ಪನೂ ಕಾಡು ತಿರುಗಿದವನೇ. ಪ್ರತಿ ವರ್ಷ ಮಿಡಿಗಾಲದಲ್ಲಿ ಹಳ್ಳದ ದಂಡೆಯ ಒಂದು ಅಪ್ಪೆ ಮಾವಿನ ಮರದಿಂದ ಉಪ್ಪಿನಕಾಯಿಗೆ ಮಿಡಿ ತರುತ್ತಿದ್ದ. ನೆಲಕ್ಕೆ ಬಿದ್ದದ್ದನ್ನು ಮುಟ್ಟುತ್ತಿರಲಿಲ್ಲ. ಮರ ಹತ್ತಿ, ತೊಟ್ಟು ಸಮೇತ ಕೊಯ್ದು, ಬುಟ್ಟಿಯನ್ನು ಹಗ್ಗದಲ್ಲಿ ಇಳಿಸುತ್ತಿದ್ದ. ತೊಟ್ಟು ಮುರಿದರೆ ಸೊನೆ ಸಿಡಿದು ಜೀರಿಗೆಯ ಪರಿಮಳ ಬರುತ್ತಿತ್ತು. ಒಮ್ಮೆಯೂ ನಾನು ಜೊತೆಗೆ ಹೋಗಲಿಲ್ಲ. ಅವನು ಹೋದ ಮೇಲೆ ಆಯಿ ಹಾಕಿಟ್ಟಿದ್ದ ಕೊನೆಯ ಭರಣಿ ಮೂರು ವರ್ಷ ಬಂತು. ಆಮೇಲೆ ಮರ ಹುಡುಕಲು ಹೋದೆ. ಸಿಗಲಿಲ್ಲ. ಅಪ್ಪೆಮಿಡಿಯಲ್ಲಿ ಒಂದು ಮರದ ಪರಿಮಳ ಇನ್ನೊಂದಕ್ಕಿಲ್ಲ. ಗೊರಟು ನೆಟ್ಟರೆ ಅದೇ ಗುಣ ಬರುವ ಭರವಸೆಯೂ ಇಲ್ಲ, ಕಸಿಯೇ ಕಟ್ಟಬೇಕು. ಅನಂತ ಭಟ್ಟನ ಅಪ್ಪೆ ಅಂತ ಒಂದು ತಳಿ ಇದೆಯಲ್ಲ, ಯಾರದೋ ಹೆಸರು ಒಂದು ಮಿಡಿಗೆ ಅಂಟಿಕೊಂಡು ಉಳಿದಿದೆ. ಅಪ್ಪನ ಮರಕ್ಕೆ ಹೆಸರಿಡುವ ಅವಕಾಶ ನನ್ನ ಕೈತಪ್ಪಿತು.

ಹಾಗಾಗಿ ನಿಮ್ಮ ಹತ್ತಿರ ಒಂದು ಕೇಳಿಕೆ. ಬರೆಯಲು ಕೂರುವ ಮೊದಲು ನಿಮ್ಮ ತೋಟದಲ್ಲಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡರನ್ನು ಕಾಣಿ. ಅಪ್ಪಯ್ಯನ ಜೊತೆ ನಲವತ್ತು ವರ್ಷ ಬೆಟ್ಟ ಸುತ್ತಿದವರು ಅವರೇ ಎಂದಿದ್ದೀರಿ. ಅವರಿಗೂ ವಯಸ್ಸಾಗಿದೆ, ಅಲ್ವಾ? ಎಲೆ-ಅಡಿಕೆಯ ಕವಳದ ಸಂಚಿ ಮುಂದಿಟ್ಟು ಮಾತಾಡಿಸಿ. ಸಾಧ್ಯವಾದರೆ ಅವರ ಜೊತೆ ಒಂದು ಬೆಳಿಗ್ಗೆ ಬೆಟ್ಟಕ್ಕೆ ಹೋಗಿ. ಯಾವ ತಿರುವಿಗೆ, ಯಾವ ಬಂಡೆಗೆ, ಯಾವ ಗುಂಡಿಗೆ ಅವರಿಬ್ಬರೂ ಏನು ಹೆಸರು ಹೇಳುತ್ತಿದ್ದರು ಅಂತ ಕೇಳಿ ಬರೆದುಕೊಳ್ಳಿ. ಆ ಹೆಸರುಗಳು ಸರ್ಕಾರದ ನಕಾಶೆಯಲ್ಲಿ ಇರುವುದಿಲ್ಲ. ಮಿಡಿ ಮರ ಇದ್ದರೆ ಗುರುತು ಹಾಕಿ, ಕಸಿ ಕಟ್ಟುವವರಿಗೆ ತೋರಿಸಿ.

ಆಮೇಲೆ ಬರೆಯಿರಿ. ಉದ್ದವಾದರೂ ಚಿಂತೆಯಿಲ್ಲ, ಪುಟ ಇಟ್ಟುಕೊಂಡಿರುತ್ತೇನೆ. ಮತ್ತೆ ಆ ಪೆಟ್ಟಿಗೆಗಳು ಕೊಟ್ಟಿಗೆಯ ಪಕ್ಕ ಈಗಲೂ ಇವೆಯೇ? ಈ ವರ್ಷ ಮೇಣ ಹಚ್ಚಿದವರು ಯಾರು? ಅದನ್ನೂ ತಿಳಿಸಿ.

ನಿಮ್ಮ,
ಸಂಪಾದಕ