ಗುಟ್ಟಾಗಿ ಕೊಟ್ಟ ಅಡ್ವಾನ್ಸು

ಹೆಸರು, ಬಡಾವಣೆ, ಮನೆಯವರ ವಿವರ ಎಲ್ಲ ಬದಲಾಯಿಸಿದ್ದೇನೆ. ಕೆಲಸ ಮಾತ್ರ ಬದಲಾಯಿಸಿಲ್ಲ. ಯಾಕೆ ಅಂತ ಓದಿದರೆ ಗೊತ್ತಾಗುತ್ತದೆ. ಬರೆಯುವುದಕ್ಕೆ ಅವರ ಒಪ್ಪಿಗೆ ಇದೆ.

ಶಾರದಾ ಅಂತ ಕರೆಯೋಣ. ವಯಸ್ಸು 47, ಊರು ಮಂಡ್ಯ, ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೆಲಸ. ಮೈಸೂರಿನ ನನ್ನ ಕೋಣೆಗೆ ಬಂದಿದ್ದು ರಾತ್ರಿ ನಿದ್ದೆ ಬರುವುದಿಲ್ಲ ಅಂತ. ಮಂಡ್ಯದಲ್ಲಿ ಆಪ್ತಸಲಹೆ ಸಿಗುವುದಿಲ್ಲ ಅಂತಲ್ಲ. ಅಲ್ಲಿ ಮೆಟ್ಟಿಲು ಹತ್ತುವುದನ್ನು ಒಬ್ಬರು ನೋಡಿದರೆ ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ. ಅದಕ್ಕೇ ರೈಲು ಹತ್ತಿ ಬಂದಿದ್ದರು.

ಅರ್ಧ ಗಂಟೆ ನಿದ್ದೆಯ ಮಾತೇ ಆಯಿತು. ಆಮೇಲೆ ನಿಧಾನವಾಗಿ, "ನಮ್ಮನೆಯವರು ನನ್ನ ಫೋನ್ ನೋಡಿಬಿಟ್ರು ಮೇಡಂ" ಅಂದರು. ಫೋನಿನಲ್ಲಿ ಕಂಡಿದ್ದು 5,000 ರೂಪಾಯಿ ಕಳಿಸಿದ ಲೆಕ್ಕ. ಕಳಿಸಿದ್ದು ಒಂದು ಬ್ಯೂಟಿ ಪಾರ್ಲರಿಗೆ. ಹುಬ್ಬಿನ ನಡುವೆ ಬಿದ್ದಿರುವ ಎರಡು ಗೆರೆ ಹೋಗಲು ಇಂಜೆಕ್ಷನ್, ಜೊತೆಗೆ ತುಟಿಗೂ ಒಂದು, ಎರಡೂ ಸೇರಿ ಆಫರ್. ಮಗಳ ಮದುವೆಗೆ ಇನ್ನು ಮೂರು ವಾರ. ಇಂಜೆಕ್ಷನ್ ಕೊಡುವುದು ಮದುವೆಗೆ ನಾಲ್ಕು ದಿನ ಮುಂಚಿನ ಭಾನುವಾರ. "ಭಾನುವಾರ ಬೆಂಗಳೂರಿಂದ ಡಾಕ್ಟರ್ ಬರ್ತಾರಂತೆ."

ಯಾವ ಡಾಕ್ಟರ್? ಗೊತ್ತಿಲ್ಲ. ಯಾವ ಇಂಜೆಕ್ಷನ್? "ಬೊಟಾಕ್ಸ್ ಇರಬೇಕು."

ಇಲ್ಲಿ ನಾನೊಂದು ತಪ್ಪು ಮಾಡಿದೆ. "ಈಗ ಅದೆಲ್ಲ ಬೇಕೇ ಬೇಕು ಅನಿಸುತ್ತಾ ನಿಮಗೆ?" ಅಂತ ಕೇಳಿದೆ. ದನಿ ಮೆತ್ತಗೇ ಇತ್ತು. ಆದರೆ 'ಈ ವಯಸ್ಸಲ್ಲಿ' ಅನ್ನುವುದು ಅದರೊಳಗೇ ಕೂತಿತ್ತು, ಅವರಿಗೂ ಕೇಳಿಸಿತು. ಮುಖ ಮುಚ್ಚಿಕೊಂಡಿತು. ಮುಂದಿನ ವಾರ ಬರಲಿಲ್ಲ. ಮನೆಯಲ್ಲಿ ಗಂಡ ಕೇಳಿದ ಪ್ರಶ್ನೆಯನ್ನೇ ನಾನು ಫೀಸು ತೆಗೆದುಕೊಂಡು ಕೇಳಿದ್ದೆ. ಫೋನ್ ಮಾಡಿ ಕ್ಷಮೆ ಕೇಳಿದೆ. ಎರಡು ದಿನ ಬಿಟ್ಟು ಬಂದರು.

ಈ ಸಲ ಸುಮ್ಮನೆ ಕೇಳಿಸಿಕೊಂಡೆ. "ಕೌಂಟರಿಗೆ ಬಂದೋರೆಲ್ಲ ಯಾಕೆ ಮೇಡಂ ಸಿಟ್ಟಾಗಿದ್ದೀರಾ ಅಂತಾರೆ. ನಂಗೆ ಸಿಟ್ಟೇ ಇರಲ್ಲ. ನೋಟು ಎಣಿಸ್ತಾ ಇರ್ತೀನಿ ಅಷ್ಟೇ. ಮದುವೆ ಫೋಟೋದಲ್ಲೂ ಹಂಗೇ ಬಂದ್ರೆ ಬೀಗರು ಏನಂದ್ಕೊಳ್ತಾರೆ?" ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಇಪ್ಪತ್ತು ವರ್ಷ ದಿನಕ್ಕೆ ಹತ್ತು ಜನ ಹಾಗೆ ಕೇಳಿದರೆ ಯಾರಿಗಾದರೂ ಸಾಕಾಗುತ್ತದೆ, ಅಲ್ವಾ?

ಒಂದು ವಿಷಯ ಮಾತ್ರ ಪರೀಕ್ಷೆ ಮಾಡಿಕೊಳ್ಳಬೇಕಿತ್ತು. ಕೆಲವರಿಗೆ ಮುಖದ ಒಂದು ಸಣ್ಣ ಕೊರತೆಯೇ ಇಡೀ ದಿನವನ್ನು ತಿಂದುಹಾಕುತ್ತದೆ. ಗಂಟೆಗಟ್ಟಲೆ ಕನ್ನಡಿ ಮುಂದೆ ಇರುತ್ತಾರೆ, ಇಲ್ಲವೇ ಕನ್ನಡಿಯನ್ನೇ ನೋಡುವುದಿಲ್ಲ. ಹಬ್ಬ, ಮದುವೆ ಎಲ್ಲ ತಪ್ಪಿಸಿಕೊಳ್ಳುತ್ತಾರೆ. ಅದು ಮನಸ್ಸಿಗೆ ಸಂಬಂಧಪಟ್ಟ ಕಾಯಿಲೆ. ಅಂಥವರಿಗೆ ಸೂಜಿಯಿಂದ ಸಮಾಧಾನ ಸಿಗುವುದು ಕಡಿಮೆ, ಒಂದು ಗೆರೆ ಹೋದರೆ ಇನ್ನೊಂದು ಕಾಣುತ್ತದೆ. ಶಾರದಾ ಹಾಗಿರಲಿಲ್ಲ. ಬೆಳಿಗ್ಗೆ ಬೊಟ್ಟು ಇಡುವಾಗ ಒಮ್ಮೆ ನೋಡಿಕೊಂಡು ಬಸ್ಸಿಗೆ ಓಡುವವರು. ಆಸೆ ಅವರದು, ದುಡ್ಡೂ ಅವರದು. ಬೇಡ ಅನ್ನಲು ನಾನ್ಯಾರು?

ನನಗೆ ಭಯವಾಗಿದ್ದು ಗುಟ್ಟಿನ ಬಗ್ಗೆ. "ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್‌ನಲ್ಲೇ ಚರ್ಮದ ಡಾಕ್ಟರ್ ಇದ್ದಾರಲ್ಲ, ಸುಮ್ನೆ ಒಂದು ಮಾತು ಕೇಳಬಹುದಿತ್ತು" ಅಂದೆ. "ಅಯ್ಯೋ, ಆ ಕ್ಯೂನಲ್ಲಿ ಅರ್ಧ ಜನ ನಮ್ಮ ಕಸ್ಟಮರ್ಸೇ ಇರ್ತಾರೆ!" ಅಂದರು. ಪಾರ್ಲರ್ ಆದರೆ ಹುಬ್ಬು ತಿದ್ದಿಸಲು ಹೋಗಿದ್ದೆ ಅನ್ನಬಹುದು. ಅಂದರೆ ಪಾರ್ಲರನ್ನು ಆರಿಸಿದ್ದು ಅಲ್ಲಿನ ಕೆಲಸ ಚೆನ್ನಾಗಿದೆ ಅಂತಲ್ಲ, ಯಾರಿಗೂ ಗೊತ್ತಾಗುವುದಿಲ್ಲ ಅಂತ. ಗುಟ್ಟಾಗಿ ಹೋದವರು ಪ್ರಶ್ನೆ ಕೇಳುವುದಿಲ್ಲ. ಏನಾದರೂ ಹೆಚ್ಚುಕಮ್ಮಿಯಾದರೆ ಜಗಳ ಮಾಡುವುದೂ ಇಲ್ಲ. ಇದು ಪಾರ್ಲರಿನವರಿಗೆ ಚೆನ್ನಾಗಿ ಗೊತ್ತು.

ನಾನು ವೈದ್ಯೆ ಅಲ್ಲ. ಅದಕ್ಕೆ ಪರಿಚಯದ ಚರ್ಮತಜ್ಞೆಯೊಬ್ಬರನ್ನು ಕೇಳಿ ತಿಳಿದುಕೊಂಡು, ಶಾರದಾ ಅವರಿಗೆ ಹೇಳಿದೆ. ಬೊಟಾಕ್ಸ್ ಅನ್ನುವುದು ಒಂದು ಕಂಪನಿಯ ಬ್ರ್ಯಾಂಡ್ ಹೆಸರು. ಒಳಗಿರುವುದು ಬೊಟುಲಿನಂ ಟಾಕ್ಸಿನ್, ಒಂದು ಬ್ಯಾಕ್ಟೀರಿಯಾ ತಯಾರಿಸುವ ವಿಷ. ಬಹಳ ಕಡಿಮೆ ಪ್ರಮಾಣದಲ್ಲಿ ಔಷಧಿಯಾಗಿ ಕೊಡುತ್ತಾರೆ. ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ಅದು ತಡೆಯುತ್ತದೆ, ಸ್ನಾಯು ಸಡಿಲವಾಗುತ್ತದೆ, ಗೆರೆ ಬಿಚ್ಚಿಕೊಳ್ಳುತ್ತದೆ. ಹುಬ್ಬಿನ ನಡುವಿನ ಗೆರೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2002ರಲ್ಲೇ ಒಪ್ಪಿಗೆ ಕೊಟ್ಟಿದೆ. ಹಾಗಾಗಿ ಔಷಧಿಯನ್ನೇ ಕಂಡು ಹೆದರಬೇಕಾಗಿಲ್ಲ. ಕೊಡುವ ಕೈ ಯಾರದು ಅನ್ನುವುದು ಮುಖ್ಯ. ಸೂಜಿ ಸ್ವಲ್ಪ ಜಾಗ ತಪ್ಪಿದರೆ ಕಣ್ಣಿನ ರೆಪ್ಪೆ ಜೋತುಬೀಳಬಹುದು. ಅದನ್ನು ವಾಪಸ್ ತೆಗೆಯುವ ಔಷಧಿ ಇಲ್ಲ. ತಾನಾಗೇ ಇಳಿಯುವವರೆಗೆ ವಾರಗಟ್ಟಲೆ ಕಾಯಬೇಕು.

ತುಟಿಯದು ಬೇರೆಯೇ ಕತೆ. ಅದು ಫಿಲ್ಲರ್. ಸಾಮಾನ್ಯವಾಗಿ ಹೈಯಲುರಾನಿಕ್ ಆ್ಯಸಿಡ್‌ನ ಜೆಲ್, ಜಾಗ ತುಂಬಿಸಲು ಹಾಕುವಂಥದ್ದು. ಅದು ಅಪ್ಪಿತಪ್ಪಿ ರಕ್ತನಾಳದೊಳಗೆ ಹೋದರೆ ಆ ಭಾಗಕ್ಕೆ ರಕ್ತ ನಿಂತು ಚರ್ಮ ಸಾಯಬಹುದು. ಅಪರೂಪಕ್ಕೆ ಕಣ್ಣಿನ ದೃಷ್ಟಿಯೇ ಹೋಗಿದ್ದೂ ಇದೆ. ಚರ್ಮ ಬಿಳಿಚಿಕೊಳ್ಳುವುದು, ತಡೆಯಲಾಗದ ನೋವು, ನೀಲಿ ಮಚ್ಚೆ, ಕಣ್ಣು ಮಂಜಾಗುವುದು, ಇವು ಬೆಳಿಗ್ಗೆ ನೋಡೋಣ ಅನ್ನುವ ಲಕ್ಷಣಗಳಲ್ಲ. ಈ ಜೆಲ್ಲನ್ನು ಕರಗಿಸಲು ಹೈಯಲುರೊನಿಡೇಸ್ ಅನ್ನುವ ಇಂಜೆಕ್ಷನ್ ಇದೆ. ಅದು ಕೈಗೆ ಸಿಗುವಂತೆ ಇರಬೇಕು, ಕೊಡುವವರೂ ಅಲ್ಲೇ ಇರಬೇಕು. ಡಾಕ್ಟರ್ ಭಾನುವಾರ ಸಂಜೆಯೇ ಬೆಂಗಳೂರಿಗೆ ಹೊರಟುಹೋದರೆ ರಾತ್ರಿ ಹತ್ತಕ್ಕೆ ಯಾರಿಗೆ ಫೋನ್ ಮಾಡುವುದು?

ಇನ್ನೊಂದು, ಆ ನಾಲ್ಕು ದಿನದ ಲೆಕ್ಕ. ಬೊಟಾಕ್ಸ್ ಕೆಲಸ ಶುರು ಮಾಡುವುದಕ್ಕೇ ಮೂರರಿಂದ ಐದು ದಿನ ಬೇಕು, ಪೂರ್ತಿ ಕಾಣಲು ಎರಡು ವಾರ. ನಾಲ್ಕು ದಿನ ಮುಂಚೆ ಚುಚ್ಚಿಸಿಕೊಂಡರೆ ಧಾರೆಯ ಹೊತ್ತಿಗೆ ಗೆರೆ ಹೋಗಿರುತ್ತದೆ ಅನ್ನುವ ಗ್ಯಾರಂಟಿ ಇಲ್ಲ, ಚುಚ್ಚಿದ ಕಡೆ ಕಪ್ಪಗಾಗಿದ್ದರೆ ಅದಂತೂ ಇರುತ್ತದೆ. ವಿಷಯ ಗೊತ್ತಿದ್ದ ಡಾಕ್ಟರ್ ಆ ದಿನಾಂಕ ಕೊಡುತ್ತಿರಲಿಲ್ಲ.

"ಹಾಗಾದ್ರೆ ಏನು ಕೇಳ್ಲಿ?" ಅಂದರು. ನಾನು ಪಾರ್ಲರಿನ ಹುಡುಗಿ ಆಗುತ್ತೇನೆ, ನೀವು ಕೇಳಿ ಅಂದೆ. ಡಾಕ್ಟರ ಹೆಸರು ಕೇಳುವುದಕ್ಕೇ ನಾಲಿಗೆ ಏಳಲಿಲ್ಲ. "ಅವಮಾನ ಮಾಡಿದಂಗೆ ಆಗಲ್ವಾ ಮೇಡಂ?" ನಾನು ಕೇಳಿದೆ: ಬ್ಯಾಂಕಿನಲ್ಲಿ ಖಾತೆ ತೆರೆಯಲು ಬಂದವರ ಹತ್ತಿರ ಆಧಾರ್, ಪ್ಯಾನ್ ಕೇಳುತ್ತೀರಲ್ಲ, ಅದು ಅವಮಾನವಾ? ಒಂದು ಕ್ಷಣ ಸುಮ್ಮನಿದ್ದು ಜೋರಾಗಿ ನಕ್ಕರು. "ಓ, ಡಾಕ್ಟರ್‌ಗೂ ಕೆವೈಸಿ!"

ಅಲ್ಲಿಂದ ಕೆಲಸ ಸಲೀಸಾಯಿತು. ಬ್ಯಾಗಿನಿಂದ ಡೈರಿ ತೆಗೆದು ಬರೆದುಕೊಳ್ಳುತ್ತಾ ಹೋದರು. ಚುಚ್ಚುವವರ ಪೂರ್ತಿ ಹೆಸರು, ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ ವೆಬ್‌ಸೈಟಿನಲ್ಲಿ ಆ ಹೆಸರು ಹಾಕಿ ಯಾರು ಬೇಕಾದರೂ ನೋಡಬಹುದು. ಎಂಬಿಬಿಎಸ್ ಆದಮೇಲೆ ಏನು ಓದಿದ್ದಾರೆ? ಚರ್ಮರೋಗದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪ್ಲೊಮಾ, ಇಲ್ಲವೇ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಆಗಿದ್ದರೆ ಸರಿ. 'ಕಾಸ್ಮೆಟಾಲಜಿಸ್ಟ್' ಅಂತ ಬೋರ್ಡಿನಲ್ಲಿದ್ದರೆ ಅದರ ಹಿಂದೆ ಯಾವ ಡಿಗ್ರಿ ಇದೆ ಅಂತ ಕೇಳಬೇಕು, ಕೆಲವು ದಿನಗಳ ಕೋರ್ಸಿನ ಸರ್ಟಿಫಿಕೇಟೂ ಗೋಡೆ ಮೇಲೆ ಚೆನ್ನಾಗೇ ಕಾಣುತ್ತದೆ. ಹಾಗೇ, ಖಾಸಗಿ ಕ್ಲಿನಿಕ್ ನಡೆಸಲು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಬೇಕು. ಆ ಪ್ರಮಾಣಪತ್ರ ಎದುರಿಗೇ ತೂಗುಹಾಕಿರಬೇಕು. ಪಾರ್ಲರಿನಲ್ಲಿ ಅದು ಎಲ್ಲಿಂದ ಬರಬೇಕು?

ಇನ್ನು ಬಾಟಲಿ. ನಿಮ್ಮ ಎದುರಿಗೇ ತೆರೆಯಲಿ, ಹೆಸರು, ಬ್ಯಾಚ್ ನಂಬರ್, ಎಕ್ಸ್‌ಪೈರಿ ನೋಡಿ ಅಂದೆ. ಹೆಚ್ಚಿನ ಬ್ರ್ಯಾಂಡುಗಳು ಪುಡಿಯಾಗಿ ಬರುತ್ತವೆ, ಫ್ರಿಜ್‌ನಲ್ಲಿ ಇಡಬೇಕು, ಸಲೈನ್ ಬೆರೆಸಿ ಕೊಡುತ್ತಾರೆ. ಜಾಸ್ತಿ ನೀರು ಬೆರೆಸಿದ್ದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಅದಕ್ಕೇ ಎಷ್ಟು ಯೂನಿಟ್ ಅಂತ ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು. "ನೋಟಿನ ಕಟ್ಟು ಎಣಿಸದೆ ತಗೊಂಡಂಗೆ ಆಯ್ತಲ್ಲ ಇಲ್ಲಾಂದ್ರೆ" ಅಂತ ಅವರೇ ಅಂದರು.

ಫೋನ್ ಮಾಡಿದರು, ನನ್ನೆದುರೇ. ಸ್ಪೀಕರ್ ಹಾಕಿ. "ಡಾಕ್ಟರ್ ಹೆಸರು ಭಾನುವಾರ ಹೇಳ್ತೀವಿ ಅಕ್ಕ, ತುಂಬ ಎಕ್ಸ್‌ಪೀರಿಯನ್ಸ್ ಇದೆ" ಅಂದಿತು ಆ ಕಡೆ ದನಿ. ನಂಬರ್ ಕೇಳಿದ ಮೇಲೆ 'ಅಕ್ಕ' ಹೋಗಿ 'ಮೇಡಂ' ಬಂತು. ಅಡ್ವಾನ್ಸು ವಾಪಸ್ ಕೊಡಲ್ಲ, ಬೇಕಿದ್ದರೆ ಫೇಶಿಯಲ್ ಮಾಡಿಸಿಕೊಳ್ಳಿ ಅಂದರು. ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ದೂರು ಕೊಡಬಹುದು ಅಂತ ನಾನು ಹೇಳಿದೆ. ಮದುವೆ ಮುಗಿಯಲಿ ಅಂದರು. ಒತ್ತಾಯ ಮಾಡಲಿಲ್ಲ.

ಮದುವೆ ಗೆರೆಯ ಜೊತೆಗೇ ಆಯಿತು. ಆಮೇಲೆ ಮೈಸೂರಿನಲ್ಲೇ ಚರ್ಮತಜ್ಞರೊಬ್ಬರನ್ನು ನೋಡಿದರು. ನರ, ಸ್ನಾಯುವಿನ ಕಾಯಿಲೆ ಇದೆಯಾ, ರಕ್ತ ತೆಳು ಮಾಡುವ ಮಾತ್ರೆ ತಗೊಳ್ತೀರಾ, ಮುಂಚೆ ಏನಾದರೂ ಚುಚ್ಚಿಸಿಕೊಂಡಿದ್ದೀರಾ ಅಂತ ಅವರು ಕಾಲು ಗಂಟೆ ಕೇಳಿದರಂತೆ. ತುಟಿಗೆ ಏನೂ ಬೇಡ ಅಂದರಂತೆ. ಡಾಕ್ಟರೇ 'ಬೇಡ' ಅನ್ನುತ್ತಾರೆ ಅಂತ ಶಾರದಾ ಅಂದುಕೊಂಡಿರಲಿಲ್ಲ. ಆ ದಿನ ಚುಚ್ಚಲಿಲ್ಲ, ಯೋಚನೆ ಮಾಡಿ ಬನ್ನಿ ಅಂತ ಕಳಿಸಿದರು.

ಕೊನೆಯ ಭೇಟಿಗೆ ಗಂಡನನ್ನೂ ಕರೆತಂದಿದ್ದರು. ಅದು ಅವರದೇ ತೀರ್ಮಾನ. ನಿದ್ದೆ ಈಗ ಪರವಾಗಿಲ್ಲ ಅಂದರು. ಗಂಡ ಮೊದಲು ಚಾವಣಿ ನೋಡುತ್ತಾ ಕೂತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಇದು ಒಂದ್ಸಲ ಮಾಡಿಸಿದ್ರೆ ಆಯ್ತಾ ಮೇಡಂ?" ಅಂದರು. ನಾನು ಬಾಯಿ ತೆರೆಯುವುದರೊಳಗೆ ಶಾರದಾ ಡೈರಿ ತೆರೆದರು. "ಮೂರು ನಾಲ್ಕು ತಿಂಗಳು ಇರುತ್ತೆ. ವರ್ಷಕ್ಕೆ ಮೂರು ಅಂತ ಇಟ್ಕೊಳ್ಳಿ. ಇಲ್ಲಿ ಹಾಕಿದ್ದೀನಿ ನೋಡಿ." ಅವರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಲೆಕ್ಕವನ್ನು ಮೇಲಿನಿಂದ ಓದತೊಡಗಿದರು.