ಮರ ಎಣಿಸಿದ್ದೀರಿ, ಮೋರಿ ಎಣಿಸಿದ್ದೀರಾ?

ಮೂಡಿಗೆರೆ ಸೀಮೆಯ ನಿಮ್ಮ ಊರಿಗೆ ಎರಡು ಕಿಲೋಮೀಟರ್ ರಸ್ತೆ ಮಂಜೂರಾಗಿದೆ. ಮೇಲೆ ಕಾಫಿ ತೋಟ, ಕೆಳಗೆ ಗದ್ದೆ ಮತ್ತು ಹಳ್ಳ. ನಲವತ್ತು ಮರ ಹೋಗುತ್ತವೆಂದು ಊರಿನಲ್ಲಿ ಜಗಳ ಶುರುವಾಗಿದೆ. ರಸ್ತೆಯೂ ಆಗಬೇಕು, ಪರಿಸರವೂ ಉಳಿಯಬೇಕು, ಅಧಿಕಾರಿಗಳನ್ನು ಏನು ಕೇಳಬೇಕು ಎಂದು ಬರೆದಿದ್ದೀರಿ. ಸಕಲೇಶಪುರ, ಮೂಡಿಗೆರೆ ಭಾಗದಲ್ಲಿ ಹದಿನೆಂಟು ವರ್ಷ ಗುತ್ತಿಗೆದಾರರ ಬಳಿ ಸೈಟ್ ಇಂಜಿನಿಯರ್ ಆಗಿದ್ದವನು ನಾನು. ಹಾನಿಯ ಕೆಲಸವನ್ನೂ ಮಾಡಿಸಿದ್ದೇನೆ, ಹಾಗಾಗಿ ಉತ್ತರಿಸುವ ಅರ್ಹತೆ ಸ್ವಲ್ಪ ಇದೆ.

ಮರದ ಜಗಳ ಬೇಡವೆನ್ನುವುದಿಲ್ಲ. ಆದರೆ ಮಲೆನಾಡಿನಲ್ಲಿ ಹಳ್ಳಿ ರಸ್ತೆ ಮಾಡುವ ದೊಡ್ಡ ಹಾನಿ ಕಡಿದ ಮಣ್ಣಿನದು, ತಿರುಗಿಸಿದ ನೀರಿನದು. ಒಂದು ಲೆಕ್ಕ ಹಾಕಿ. ಗುಡ್ಡದ ಬದಿಯಲ್ಲಿ ರಸ್ತೆಯನ್ನು ಎರಡು ಮೀಟರ್ ಅಗಲ ಮಾಡಲು ಸರಾಸರಿ ಒಂದೂವರೆ ಮೀಟರ್ ಎತ್ತರದ ಧರೆ, ಅಂದರೆ ರಸ್ತೆಬದಿಯ ಗುಡ್ಡದ ಮಣ್ಣಿನ ಗೋಡೆ, ಕಡಿದರೆ, ಕಿಲೋಮೀಟರಿಗೆ 3,000 ಘನ ಮೀಟರ್ ಮಣ್ಣು ಬರುತ್ತದೆ. ಟಿಪ್ಪರಿಗೆ ಆರು ಘನ ಮೀಟರ್ ಎಂದರೂ 500 ಲೋಡು. ಕಡಿದ ಮಣ್ಣು ಉಬ್ಬುವುದರಿಂದ ಅದಕ್ಕಿಂತ ಹೆಚ್ಚೇ ಆಗುತ್ತದೆ. ಇಷ್ಟನ್ನೂ ಸಾಗಿಸಲು ಡೀಸೆಲ್ ಬೇಕು, ಜಾಗ ಬೇಕು. ಜೆಸಿಬಿಯ ಬಕೆಟ್ಟನ್ನು ಕೆಳಗಡೆಗೆ ತಿರುಗಿಸಿದರೆ ಎರಡೂ ಬೇಡ.

ನಾನೂ ತಿರುಗಿಸಿದ್ದೇನೆ. ಒಂದು ಏಪ್ರಿಲ್‌ನಲ್ಲಿ ಬಿಲ್ಲಿನ ಅವಸರಕ್ಕೆ ಮಣ್ಣನ್ನೆಲ್ಲ ಕೆಳಬದಿಗೆ ತಳ್ಳಿಸಿದೆ. ಪುನರ್ವಸು ಮಳೆ ಹಿಡಿದ ನಾಲ್ಕನೇ ದಿನ ಕೆಳಗಿನ ಗದ್ದೆಯ ಹಿರಿಯರೊಬ್ಬರು ಕಂಬಳಿ ಕೊಪ್ಪೆ ಹಾಕಿಕೊಂಡು ಸೈಟಿಗೆ ಬಂದರು. ಬೈಯಲಿಲ್ಲ. "ಬನ್ನಿ ಇಂಜಿನಿಯರೇ, ಒಂದು ನೋಡಿ ಹೋಗುವಿರಂತೆ" ಎಂದು ಕರೆದುಕೊಂಡು ಹೋದರು. ನಾಟಿಗೆ ಹದ ಮಾಡಿದ್ದ ಮೂರು ಮಡಿಗಳ ಮೇಲೆ ಮೊಣಕಾಲುದ್ದ ಕೆಂಪು ಮಣ್ಣು ಕೂತಿತ್ತು. ಪಕ್ಕದ ಸಸಿಮಡಿಯಲ್ಲಿ ಅಗೆಯ (ಭತ್ತದ ಸಸಿಯ) ತುದಿ ಒಂದೊಂದು ಕಡೆ ಹಸಿರಾಗಿ ಇಣುಕುತ್ತಿತ್ತು. ಆ ರಸ್ತೆಗೆ ನಾವು ಕಡಿದ ಮರ ಏಳೋ ಎಂಟೋ. ಕಾಗದದ ಪ್ರಕಾರ ಬಹಳ ಒಳ್ಳೆಯ ಕಾಮಗಾರಿ ಅದು!

ಹಾಗಾಗಿ ಮೊದಲ ಪ್ರಶ್ನೆ: ಕಡಿದ ಮಣ್ಣು ಎಲ್ಲಿಗೆ ಹೋಗುತ್ತದೆ? ಅಂದಾಜು ಪಟ್ಟಿಯಲ್ಲಿ ಸಾಗಾಣಿಕೆಗೆ ಹಣ ಇಟ್ಟಿದ್ದಾರೆಯೇ? ಇಡದಿದ್ದರೆ ಮಣ್ಣು ನಿಮ್ಮ ಹಳ್ಳಕ್ಕೇ ಬರುತ್ತದೆ, ಗುತ್ತಿಗೆದಾರ ಎಷ್ಟು ಸಜ್ಜನನಾದರೂ ಸರಿ. ಮಣ್ಣಿನ ಕೆಲಸ ಮೇ ಮಧ್ಯದೊಳಗೆ ಮುಗಿಯದಂತಿದ್ದರೆ ಮಳೆ ಕಳೆದ ಮೇಲೆ ಶುರು ಮಾಡಿ ಎಂದು ಬರವಣಿಗೆಯಲ್ಲಿ ಕೇಳಿ. ಹಸಿ ಧರೆಯನ್ನು ಮಳೆಗಾಲಕ್ಕೆ ಒಡ್ಡಬಾರದು.

ಎರಡನೆಯದು ನೀರು. ಗುಡ್ಡದಿಂದ ಹತ್ತು ಕಡೆ ಹರಿದು ಬರುತ್ತಿದ್ದ ನೀರನ್ನು ರಸ್ತೆಯ ಚರಂಡಿ ಒಟ್ಟು ಮಾಡಿ, ರಸ್ತೆಯಡಿ ಹಾಯುವ ಒಂದೇ ಮೋರಿಯಲ್ಲಿ ಬಿಡುತ್ತದೆ. ಆ ಮೋರಿಯ ಬಾಯಿಯ ಕೆಳಗೆ ಎರಡು ಮಳೆಗಾಲದಲ್ಲಿ ಕೊರಕಲು ಬೀಳುತ್ತದೆ, ತೋಟವೂ ಗದ್ದೆಯೂ ಜಾರುತ್ತವೆ. ನೀರು ಬರುವ ಕಡೆಯೆಲ್ಲ ಮೋರಿ ಬೇಕು. ಮೋರಿಯಿಂದ ಬಿದ್ದ ನೀರು ಹಳ್ಳ ಸೇರುವವರೆಗೆ ಕಲ್ಲು ಹಾಸಬೇಕು. 900 ಮಿಲಿಮೀಟರಿಗಿಂತ ಸಣ್ಣ ಪೈಪನ್ನು ನಾನಂತೂ ಒಪ್ಪುವುದಿಲ್ಲ, ಸೊಪ್ಪು ಸದೆ ಕಟ್ಟಿದಾಗ ಆಳು ಒಳಗೆ ನುಗ್ಗಿ ತೆಗೆಯಲು ಆಗಬೇಕಲ್ಲ. ತಡೆಗೋಡೆ ಕಟ್ಟಿದರೆ ನೀರು ಬಸಿಯುವ ತೂತುಗಳಿಗೆ ಒಂದು ಉದ್ದನೆಯ ಕಾಫಿ ಕಡ್ಡಿ ತೂರಿಸಿ ನೋಡಿ. ಗೇಣುದ್ದ ಹೋಗಿ ಗಾರೆಗೆ ತಾಗಿದರೆ ಅದು ತೂತಲ್ಲ, ಅಲಂಕಾರ. ಹಿಂದೆ ನೀರು ತುಂಬಿಕೊಂಡ ಗೋಡೆ ಒಂದು ದಿನ ಧರೆಯ ಸಮೇತ ರಸ್ತೆಗೆ ಬರುತ್ತದೆ.

ಧರೆಯನ್ನು ನೆಟ್ಟಗೆ ಕಡಿಯಲು ಬಿಡಬೇಡಿ, ಇಳಿಜಾರು ಕೊಡಿಸಿ ಲಾವಂಚ ನೆಡಿಸಿ. ಅದರ ಬೇರು ನೇರ ಆಳಕ್ಕೆ ಇಳಿದು ಮಣ್ಣು ಹಿಡಿಯುತ್ತದೆ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿಯಲ್ಲಿ, 2024ರ ಜುಲೈನಲ್ಲಿ ಶಿರಾಡಿ ಘಾಟಿಯ ದೊಡ್ಡತಪ್ಪಲಿನಲ್ಲಿ ಗುಡ್ಡ ಕುಸಿದದ್ದನ್ನು ನೋಡಿದವರಿಗೆ ಕಡಿದ ಗುಡ್ಡದ ಬಗ್ಗೆ ವಿವರಿಸಬೇಕಿಲ್ಲ.

ಕಾನೂನಿನ ಮಾತು ಚುಟುಕಾಗಿ. ರಾಷ್ಟ್ರೀಯ, ರಾಜ್ಯ ಹೆದ್ದಾರಿಗಳ ದೊಡ್ಡ ಯೋಜನೆಗಳಿಗೆ 2006ರ ಅಧಿಸೂಚನೆಯಂತೆ ಪರಿಸರ ಪರಿಣಾಮದ ಅಧ್ಯಯನ ಇದೆ, ಹಳ್ಳಿ ರಸ್ತೆ ಆ ಪಟ್ಟಿಯಲ್ಲಿಲ್ಲ. ನಿಮ್ಮ ಪರವಾಗಿ ಯಾರೂ ಅಧ್ಯಯನ ಮಾಡಿರುವುದಿಲ್ಲ ಎಂದೇ ತಿಳಿಯಿರಿ. ಅರಣ್ಯ ಭೂಮಿ ತಾಗಿದರೆ ಮಾತ್ರ ಬೇರೆ ದಾರಿ: ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಒಂದು ಹೆಕ್ಟೇರಿಗಿಂತ ಕಡಿಮೆ ಜಾಗ, ಹೆಕ್ಟೇರಿಗೆ 75 ಮರ ಮೀರದಂತಿದ್ದರೆ ಗ್ರಾಮಸಭೆಯ ಶಿಫಾರಸಿನ ಮೇಲೆ ರಸ್ತೆಗೆ ಕೊಡಬಹುದು. ಆ ಶಿಫಾರಸಿಗೆ ಸಹಿ ಹಾಕುವ ಮುನ್ನ ಮಣ್ಣು, ಮೋರಿಯ ಷರತ್ತುಗಳನ್ನು ನಡಾವಳಿಯಲ್ಲೇ ಬರೆಸಿ. ಸಹಿ ಬಿದ್ದ ಮೇಲೆ ನಿಮ್ಮ ಮಾತು ಯಾರಿಗೂ ಕೇಳಿಸುವುದಿಲ್ಲ.

ನಿಮ್ಮದು ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಯಾದರೆ ಇನ್ನೂ ಅನುಕೂಲ. ಯೋಜನಾ ವರದಿ ಅಂತಿಮವಾಗುವ ಮೊದಲು ಇಂಜಿನಿಯರ್ ಊರವರೊಂದಿಗೆ ರಸ್ತೆಯುದ್ದಕ್ಕೂ ನಡೆದು ನೋಡಬೇಕೆಂಬ ನಿಯಮವಿದೆ. ರಸ್ತೆ ಮುಗಿದ ಮೇಲೆ ಐದು ವರ್ಷದ ನಿರ್ವಹಣೆಯೂ ಅದೇ ಗುತ್ತಿಗೆದಾರನದು, ಕಸ ಕಟ್ಟಿದ ಚರಂಡಿ ಬಿಡಿಸಲು ಅವನನ್ನೇ ಕರೆಯಿರಿ. ಎಷ್ಟೋ ಕಡೆ ಊರವರೊಂದಿಗಿನ ಆ ನಡಿಗೆ ಪಂಚಾಯಿತಿ ಕಚೇರಿಯ ಚಹಾದಲ್ಲೇ ಮುಗಿಯುತ್ತದೆ, ನಾನು ಕುಡಿದಿದ್ದೇನೆ. ನೀವು ಬಿಡಬೇಡಿ, ದಿನ ಗೊತ್ತು ಮಾಡಿಸಿ. ಗದ್ದೆಗೆ ನೀರು ಕಟ್ಟಿ ವಯಸ್ಸಾದವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಆಶ್ಲೇಷ ಮಳೆಯಲ್ಲಿ ಎಲ್ಲಿ ಜಲ ಏಳುತ್ತದೆ ಎಂದು ನಕ್ಷೆಗೆ ಗೊತ್ತಿಲ್ಲ, ಅವರಿಗೆ ಗೊತ್ತು. ಒಂದು ಚೀಲ ಸುಣ್ಣದ ಪುಡಿಯೂ ಇರಲಿ. ಅವರು ಕೋಲಿನಿಂದ ತೋರಿಸಿದ ಕಡೆಯೆಲ್ಲ ಗೆರೆ ಎಳೆಯಿರಿ, ಇಂಜಿನಿಯರ್ ಪಕ್ಕದಲ್ಲಿರುವಾಗಲೇ ಫೋಟೊ ತೆಗೆಯಿರಿ, ಆಮೇಲೆ ಅಂದಾಜು ಪಟ್ಟಿಯಲ್ಲಿ ಎಷ್ಟು ಮೋರಿ ಇವೆ ಎಂದು ಎಣಿಸಿ.